ಶಬ್ದಶೋಧನೆಯಲ್ಲಿ ಪರ್ಯಾಯವೂ ನಾನಾರ್ಥವೂ

ಗ್ರಂಥರಾಶಿಯೊಳಗಿಂದ ಇಷ್ಟವಾದ ವಿಷಯವನ್ನು ತೆಗೆಯಲು ಯಾವ ಶಬ್ದವನ್ನು ಹಿಡಿಯಬೇಕೆಂಬ ಪ್ರಶ್ನೆಯು ಗಣಕಯಂತ್ರದೊಡನೆ ಹುಟ್ಟಿದುದಲ್ಲ. ಒಂದೇ ಅರ್ಥಕ್ಕೆ ಹಲವು ಶಬ್ದಗಳಿರುವುದು, ಒಂದೇ ಶಬ್ದಕ್ಕೆ ಹಲವು ಅರ್ಥಗಳಿರುವುದು ಎಂಬ ಎರಡು ತೊಡಕುಗಳೂ ಪ್ರಾಚೀನ ಕೋಶಕಾರರಿಗೆ ವಿದಿತವಾಗಿದ್ದುವು.

ಯಾಸ್ಕನು ವ್ಯಾಖ್ಯಾನಿಸಿದ ವೈದಿಕ ನಿಘಂಟಿನ ಐದು ಅಧ್ಯಾಯಗಳಲ್ಲಿ ಮೊದಲಿನ ಮೂರು ಪರ್ಯಾಯಪದಗಳಿಗೆ ಮೀಸಲಾಗಿವೆ. ಭೂಮಿಯೊಂದಕ್ಕೇ ಅಲ್ಲಿ 21 ಹೆಸರುಗಳಿರುವುವು. ನಾಲ್ಕನೆಯದು ಅನೇಕಾರ್ಥಕವೂ ದುರ್ಬೋಧವೂ ಆದ ಪದಗಳದು. ಅಮರಸಿಂಹನೂ ಪರ್ಯಾಯಗಳನ್ನು ವರ್ಗವರ್ಗವಾಗಿ ಜೋಡಿಸಿ, ನಾನಾರ್ಥವರ್ಗವನ್ನು ಮೂರನೆಯ ಕಾಂಡದಲ್ಲಿ ಬೇರೆಯಾಗಿಟ್ಟನು. ನಾನಾರ್ಥಕ ಶಬ್ದದ ಅರ್ಥವನ್ನು ನಿರ್ಣಯಿಸುವ ಬಗೆಯನ್ನು ಭರ್ತೃಹರಿಯು ವಾಕ್ಯಪದೀಯದ ದ್ವಿತೀಯಕಾಂಡದಲ್ಲಿ ವಿವರಿಸಿ, ಸಂಯೋಗ, ವಿಪ್ರಯೋಗ, ಸಾಹಚರ್ಯ, ವಿರೋಧ ಮುಂತಾದ ಹೇತುಗಳನ್ನು ಎಣಿಸಿರುವನು. ಹರಿಯೆಂದರೆ ವಿಷ್ಣು, ಇಂದ್ರ, ಸಿಂಹ, ಕಪಿ ಯಾರಾದರೂ ಆಗಬಹುದು. ಶಂಖಚಕ್ರಗಳ ಸಂಯೋಗದಿಂದ ವಿಷ್ಣುವೇ ನಿಶ್ಚಿತನಾಗುವನು. ಲಕ್ಷ್ಮಣನ ಸಂಗಡ ಬಂದ ರಾಮನು ದಾಶರಥಿ. ಅರ್ಜುನನಿಗೆದುರಾಗಿ ಬಂದವನು ಭಾರ್ಗವನು.

ಪಾಶ್ಚಾತ್ಯರಲ್ಲಿ ಜಾರ್ಜ್ ಬೂಲನು 1854ರಲ್ಲಿ ವಿಚಾರದ ನಿಯಮಗಳನ್ನು ಬೀಜಗಣಿತದ ರೂಪಕ್ಕೆ ತಂದನು. ಇಂದಿನ ಯಂತ್ರಶೋಧನೆಯ ಸಮುಚ್ಚಯ, ವಿಕಲ್ಪ, ನಿಷೇಧಗಳು ಆ ತರ್ಕವನ್ನೇ ಆಶ್ರಯಿಸಿವೆ. ಆದರೆ ಭರ್ತೃಹರಿಯ ಸಾಹಚರ್ಯವು ಅರ್ಥವನ್ನು ನಿರ್ಣಯಿಸುವುದು. ಯಂತ್ರದ ಸಮುಚ್ಚಯವು ಎರಡು ಅಕ್ಷರರೂಪಗಳು ಒಂದೆಡೆಯಿರುವುದನ್ನು ಮಾತ್ರ ಕಾಣುವುದು. ಅರ್ಥದ ಹೊಣೆ ಶೋಧಕನದೇ.

1886ರಲ್ಲಿ ಕೊಡಗಿನ ಸಂಪುಟದಿಂದ ಆರಂಭವಾದ ಎಪಿಗ್ರಾಫಿಯ ಕರ್ನಾಟಿಕದಲ್ಲಿ ಕೆರೆಗಳ ಚರಿತ್ರೆಯನ್ನು ಹುಡುಕುವವನ ಸ್ಥಿತಿಯನ್ನು ನೋಡಬಹುದು. 'ಕೆರೆ' ಎಂಬುದನ್ನಷ್ಟೇ ಹಿಡಿದರೆ ಶಕಟರೇಫದ 'ಕೆಱೆ'ಯು ತಪ್ಪಿಹೋಗುವುದು; ಸಂಸ್ಕೃತಭಾಗದ 'ತಟಾಕ'ವೂ ಕೆರೆಗಳ ಹೆಸರಿನಲ್ಲಿ ಬರುವ 'ಸಮುದ್ರ', 'ಸಾಗರ'ಗಳೂ ತಪ್ಪುವುವು. ಆದುದರಿಂದ ಇವೆಲ್ಲವನ್ನೂ ವಿಕಲ್ಪವಾಗಿ ಇಡತಕ್ಕದ್ದು. ಇಟ್ಟೊಡನೆ 'ಸಮುದ್ರ'ವು ರಾಜಪ್ರಶಸ್ತಿಯ ಚತುಸ್ಸಮುದ್ರವನ್ನೂ ಹೊಯ್ಸಳರ ರಾಜಧಾನಿಯಾದ ದ್ವಾರಸಮುದ್ರವನ್ನೂ ಎಳೆದು ತರುವುದು. ಆಗ 'ತೂಬು', 'ಏರಿ', 'ಬಿತ್ತುವಟ್ಟ' ಇವುಗಳಲ್ಲೊಂದರ ಸಾಹಚರ್ಯವನ್ನು ಬಯಸುವುದು ಯುಕ್ತ. ಇದಕ್ಕೆ ಬದಲಾಗಿ ದ್ವಾರಸಮುದ್ರವುಳ್ಳ ಶಾಸನಗಳನ್ನೆಲ್ಲ ನಿಷೇಧಿಸಿದರೆ, ಅಲ್ಲಿಂದ ಆಳಿದ ಅರಸರ ಕಾಲದ ಕೆರೆದತ್ತಿಗಳೂ ಕಾಣದೆ ಹೋಗುವುವು. ಹೋದುದು ಶೋಧಕನಿಗೆ ತಿಳಿಯುವುದೂ ಇಲ್ಲ.

ಒಂದು ಸೀಮೆಯಲ್ಲಿ ಕೆರೆಗಳೇ ಇರಲಿಲ್ಲವೆಂಬ ಸಿದ್ಧಾಂತವು ಹೀಗೆ ಒಂದು ಅಕ್ಷರಭೇದದಿಂದಲೇ ಹುಟ್ಟಬಹುದು. ಅನುಪಲಬ್ಧಿಯನ್ನು ಪ್ರಮಾಣವೆಂದೊಪ್ಪುವ ಮೀಮಾಂಸಕರೂ, ವಸ್ತುವು ಇದ್ದಿದ್ದರೆ ಕಾಣಬೇಕಾಗಿತ್ತು ಎಂಬ ಯೋಗ್ಯತೆಯನ್ನು ಅದಕ್ಕೆ ನಿಬಂಧನೆಯಾಗಿ ಹೇಳುವರು. ಯಾವ ಯಾವ ಶಬ್ದರೂಪಗಳಿಂದ ಹುಡುಕಲಾಯಿತೆಂಬುದನ್ನು ಲೇಖನದಲ್ಲಿ ನಮೂದಿಸಿದರೆ, ಆ ಯೋಗ್ಯತೆಯಿತ್ತೇ ಇಲ್ಲವೇ ಎಂಬುದನ್ನು ಓದುವವರೂ ಪರೀಕ್ಷಿಸಬಹುದು.