ಬಿದಿರು ಮೆಳೆಯ ಮುಳ್ಳು

ಮೊರ, ಬುಟ್ಟಿ, ತಟ್ಟಿ ಹೆಣೆದು ಹೊಟ್ಟೆ ಹೊರೆಯುವ ಮೇದರು ನಮ್ಮ ಶಾಲೆಯ ಚರಿತ್ರೆ ಪುಸ್ತಕದಲ್ಲಿಲ್ಲ. ಆದರೆ ಕರ್ನಾಟಕದಲ್ಲಿ ಕಾಡಿನ ವಿಜ್ಞಾನ ಸರ್ಕಾರದ ಬಾಗಿಲು ತಟ್ಟಿದ ಒಂದು ದೊಡ್ಡ ಕತೆ ಶುರುವಾಗುವುದು ಅವರ ಸಿಟ್ಟಿನಿಂದ.

1950ರ ದಶಕದ ಕೊನೆಗೆ ಉತ್ತರ ಕನ್ನಡದ ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಎದ್ದಿತು. ಅದಕ್ಕೆ ಸರ್ಕಾರ ಬಿದಿರು ಕೊಟ್ಟದ್ದು ಟನ್ನಿಗೆ 1 ರೂಪಾಯಿ 50 ಪೈಸೆಗೆ. ಒಂದೂವರೆ ರೂಪಾಯಿ! ಅದೇ ಬಿದಿರಿಗೆ ಮೇದರು ಪೇಟೆಯಲ್ಲಿ ತೆರಬೇಕಾದ್ದು ಅದರ ನೂರಾರು ಪಟ್ಟು. ಪುಕ್ಕಟೆ ಸಿಕ್ಕಿದ್ದನ್ನ ಯಾರು ಜೋಪಾನ ಮಾಡ್ತಾರೆ? ಮೆಳೆಗಳು ಬೋಳಾದವು. ಮೇದರು ಪ್ರತಿಭಟಿಸಿದರು. ದನ ಮೇಯಿಸುವ, ಕಡಿದೊಯ್ಯುವ ಹಳ್ಳಿಗರೇ ಇದಕ್ಕೆ ಕಾರಣ ಎಂಬುದು ಅರಣ್ಯ ಇಲಾಖೆಯ ವಾದ. ತಪ್ಪು ಯಾವಾಗ್ಲೂ ಬಡವನದೇ ತಾನೆ!

1970ರ ದಶಕದ ನಡುವೆ ಸರ್ಕಾರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರಿಗೆ ಅಧ್ಯಯನ ವಹಿಸಿತು. ಅವರೂ ಸಂಗಡಿಗ ನರೇಂದ್ರ ಪ್ರಸಾದರೂ ಕಾಡು ಸುತ್ತಿದರು. ಮೆಳೆಯ ಬುಡದ ಮುಳ್ಳು ಕಿತ್ತುಹಾಕಿದರೆ ಬಿದಿರು ಸಲೀಸಾಗಿ ಬೆಳೆಯುತ್ತದೆ ಅನ್ನೋದು ಇಲಾಖೆಯ ನಂಬಿಕೆ, ಹಾಗೇ ಕೀಳಿಸುತ್ತಿದ್ದರು. ಮುಳ್ಳು ಹೋದರೆ ಕಳಲೆ ಉಳಿಯೋದಿಲ್ಲ ಅಂತ ಹಳ್ಳಿಯವರು ಹೇಳಿದರು. ಅಳೆದು ಎಣಿಸಿ ನೋಡಿದರೆ ಹಳ್ಳಿಯವರ ಮಾತೇ ನಿಜ. ಬೇಲಿ ಕಳೆದುಕೊಂಡ ಎಳೆ ಕಳಲೆಯನ್ನು ದನ, ಮಂಗ, ಮುಳ್ಳುಹಂದಿ ತಿಂದುಹಾಕುತ್ತಿದ್ದವು. ಕಾಡಿನಲ್ಲಿ ಇಷ್ಟು ಬಿದಿರಿದೆ ಎಂಬ ಇಲಾಖೆಯ ಲೆಕ್ಕವೂ ಇದ್ದುದಕ್ಕಿಂತ ಬಹಳ ಉಬ್ಬಿದ್ದೆಂದು ಗೊತ್ತಾಯಿತು.

ಗೊತ್ತಿದ್ದವರು ಮೆಳೆಯ ಪಕ್ಕದಲ್ಲೇ ಇದ್ದರು. ಅವರ ಮಾತು ಕಡತ ಸೇರಲಿಕ್ಕೆ ವಿಜ್ಞಾನಿಯ ಬಾಯಿ ಬೇಕಾಯಿತು. ವಿಜ್ಞಾನಿಯನ್ನು ನಾವು ದೂರುವುದಿಲ್ಲ. ಕೇಳಿಸಿಕೊಂಡರಲ್ಲ, ಅಷ್ಟಾದರೂ ಆಯಿತು. ಮುಳ್ಳಿನ ವಿಷಯಕ್ಕೆ ಸಂಶೋಧನೆ ಬೇಕಿತ್ತು, ಸರಿ. ಒಂದೂವರೆ ರೂಪಾಯಿ ಅನ್ಯಾಯ ಅಂತ ತಿಳಿಯಲಿಕ್ಕೆ ಯಾವ ಸಂಶೋಧನೆ ಬೇಕಿತ್ತು ಸ್ವಾಮಿ? ಗಾಡ್ಗೀಳರೂ ಆ ದರದ ಮಾತನ್ನು ಮತ್ತೆ ಮತ್ತೆ ಬರೆದರು.

ಕಾನೂನಿನ ಕತೆ ಇನ್ನೂ ವಿಚಿತ್ರ. ಬಿದಿರು ಹುಲ್ಲಿನ ಜಾತಿ ಅಂತ ಸಸ್ಯಶಾಸ್ತ್ರ ಓದುವ ಹುಡುಗರಿಗೂ ಗೊತ್ತು. 1927ರ ಭಾರತೀಯ ಅರಣ್ಯ ಕಾಯ್ದೆ ಅದನ್ನು ಮರ ಎಂದಿತು. ಆ ಪಟ್ಟಿಯಿಂದ ಬಿದಿರನ್ನು ತೆಗೆದದ್ದು 2017ರಲ್ಲಿ, ತೊಂಬತ್ತು ವರ್ಷ ಬಿಟ್ಟು. ಅದಕ್ಕೂ ಮೊದಲು 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನ ಎಂದು ಒಪ್ಪಿ, ಕಾಡಲ್ಲಿ ನೆಲೆಸಿ ಕಾಡನ್ನೇ ನಂಬಿದವರಿಗೆ ಅದರ ಒಡೆತನ ಕೊಟ್ಟಿತು. ಊರಂಚಿನ ಕೇರಿಯಲ್ಲಿ ಕೂತು, ಕೊಂಡು ತಂದ ಬಿದಿರು ಸೀಳುವ ಮೇದರು ಆ ಸಾಲಿಗೆ ಬರುವುದಿಲ್ಲ.