ಬ್ಯಾಸಗಿಗೆ ಮಹಾಕೂಟ

ಸೂಟಿ ಬಿದ್ದ ಕೂಡಲೇ ನಮ್ಮ ಗದಗಿನ ಓಣ್ಯಾಗ ಎಲ್ಲಾರ ಮನ್ಯಾಗೂ ಒಂದೇ ಮಾತು. ಮಕ್ಕಳನ್ನ ಎಲ್ಲಿಗೆ ಕರಕೊಂಡು ಹೋಗೂದು? ಊಟಿ, ಕೊಡೈಕನಾಲ್ ಅಂದ್ರ ಅರ್ಧ ವರ್ಷದ ಉಳಿತಾಯ ಕೈ ಬಿಡಬೇಕು. ವಾಟರ್ ಪಾರ್ಕ್ ಅಂದ್ರ ತಲಿಗೊಂದು ಟಿಕೆಟ್, ಮ್ಯಾಲ ನಮ್ಮ ಬುತ್ತಿ ಒಳಗ ಬಿಡಂಗಿಲ್ಲ, ಅಲ್ಲೇ ತಿನ್ನಬೇಕು. ನನ್ನ ಕೇಳಿದ್ರ ನಾ ಹೇಳೂದು ಮಹಾಕೂಟ. ಮುಂಜಾನೆ ಹೋಗಿ ದೀಪ ಹಚ್ಚೂದರಾಗ ಮನಿ ಸೇರಬಹುದು. ಹಂಗಂದ್ರ "ಅಯ್ಯ, ಅದು ಗುಡಿ ಅಲ್ಲೇನು, ಶ್ರಾವಣ ಸೋಮವಾರ ಹೋಗೂದು" ಅಂತಾರ. ಖರೇ, ಗುಡಿನೇ. ಆದ್ರ ಬ್ಯಾಸಗಿಗೆ ಹೇಳಿ ಮಾಡಿಸಿದ ಜಾಗ ಅದು, ಅದೂ ಹದಿನಾಲ್ಕನೂರು ವರ್ಷದಿಂದ. ಇನ್ನೊಂದು ಮಾತೈತಿ. ಅಲ್ಲಿಯ ಇತಿಹಾಸ ತಗದು ನೋಡಿದ್ರ ನಮ್ಮಂಥ ಹೆಣ್ಣಮಕ್ಕಳ ಹೆಸರು ಸಿಗತಾವ. ಅದನ್ನ ಗೈಡ್‌ಗಳೂ ಹೇಳಂಗಿಲ್ಲ, ಪೂಜಾರಿಗಳೂ ಹೇಳಂಗಿಲ್ಲ. ಅದಕ್ಕ ನಾ ಬರೀಲಿಕ್ಕೆ ಕುಂತೆ.

ಮೊದಲ ಜಾಗ ಎಂಥಾದ್ದು ನೋಡ್ರಿ. ಬಾದಾಮಿಯಿಂದ ರಸ್ತಾದ ಮ್ಯಾಲ ಹೋದ್ರ ಸುಮಾರು 14 ಕಿ.ಮೀ., ಪಟ್ಟದಕಲ್ಲಿಗೆ ಹೋಗೂ ದಾರ್‍ಯಾಗ ಒಳಗ ಹೊಳ್ಳಬೇಕು. ಸುತ್ತಲೂ ಕೆಂಪು ಉಸುಕುಗಲ್ಲಿನ ಗುಡ್ಡ. ಮೇ ತಿಂಗಳದಾಗ ಆ ಕಲ್ಲು ಹಂಚಿನಂಗ ಕಾದಿರತೈತಿ, ಬರಿಗಾಲಾಗ ಬಾದಾಮಿ ಮೇಣಬಸದಿ ಪಾವಟಿಗಿ ಹತ್ತಿದವರಿಗೆ ಗೊತ್ತು. ಆದ್ರ ಮಹಾಕೂಟದ ಬಾಗಲಾ ದಾಟಿ ಒಳಗ ಕಾಲಿಟ್ರ ದೊಡ್ಡ ದೊಡ್ಡ ಆಲದ ಗಿಡ, ಅದರ ನೆರಳಾಗ ಸಣ್ಣವು ದೊಡ್ಡವು ಗುಡಿಗಳು, ನಡುವ ಹೊಂಡ. ಅದಕ್ಕ ವಿಷ್ಣು ಪುಷ್ಕರಣಿ ಅಂತಾರ. ಮಳಿಗಾಲದಾಗ ಬಿದ್ದ ನೀರು ಗುಡ್ಡದ ಕಲ್ಲಿನ ಸಂದಿನ್ಯಾಗ ಇಳಕೋತ ಹೋಗಿ, ಗುಡ್ಡದ ಬುಡಕ ಊಟಿಯಾಗಿ ಬರತೈತಿ. (ಆ ಊಟಿ ಅಲ್ಲ, ನೀರಿನ ಊಟಿ.) ಬನಶಂಕರಿಯ ದೊಡ್ಡ ಹೊಂಡ ಎಷ್ಟೋ ಬ್ಯಾಸಗ್ಯಾಗ ಬತ್ತಿ, ಹುಡುಗರು ಅದರಾಗ ಕ್ರಿಕೆಟ್ ಆಡೂದನ್ನ ನಾವ ನೋಡೇವಿ. ಮಹಾಕೂಟದ ಹೊಂಡ ಬತ್ತಂಗಿಲ್ಲ. ನೀರು ಒಂದು ಕಡೆ ಬರತೈತಿ, ಇನ್ನೊಂದು ಕಡೆ ಹೋಗತೈತಿ, ಅದಕ್ಕ ತಿಳಿಯಾಗಿ ತಂಪಾಗಿ ಇರತೈತಿ. ಹೊಂಡದಾಗ ಒಂದು ಸಣ್ಣ ಮಂಟಪ, ಅದರಾಗ ನಾಲ್ಕೂ ದಿಕ್ಕಿಗೆ ಮುಖ ಇರೂ ಲಿಂಗ.

ಈ ನೀರಿನ ಸಲುವಾಗೇ ಅಲ್ಲಿ ಗುಡಿ ಬಂದವು ಅಂತ ನನ್ನ ಅನಿಸಿಕಿ. ದೇವರು ಎಲ್ಲಾ ಕಡೆ ಇರತಾನ, ಬ್ಯಾಸಗ್ಯಾಗ ನೀರು ಎಲ್ಲಾ ಕಡೆ ಇರಂಗಿಲ್ಲ.

ಬಾದಾಮಿ ಚಾಲುಕ್ಯರು ನಮ್ಮ ಸಾಲಿ ಪುಸ್ತಕದಾಗ ಇದ್ದವರೇ. ಮೊದಲನೇ ಪುಲಕೇಶಿ ಬಾದಾಮಿ ಗುಡ್ಡದ ಮ್ಯಾಲ ಕೋಟಿ ಕಟ್ಟಿಸಿದ್ದು ಕ್ರಿ.ಶ. 543ರಾಗ, ಅದನ್ನ ಅಲ್ಲೇ ಬಂಡಿಗಲ್ಲಿನ ಮ್ಯಾಲ ಬರಸ್ಯಾನ. ಆಂವನ ಮಗ ಮಂಗಲೇಶ. ಬಾದಾಮಿಯ ಮೂರನೇ ಮೇಣಬಸದಿಯಾಗ 578ರ ಶಾಸನ ಇರೂದು ಈತನದೇ. ಈ ಮಂಗಲೇಶ ಕಲಚುರಿ ರಾಜನ್ನ ಸೋಲಿಸಿ ಬಂದು, 600ರ ಸುಮಾರಿಗೆ ಮಹಾಕೂಟದಾಗ ಒಂದು ದೊಡ್ಡ ಕಂಬ ನಿಲ್ಲಿಸಿದ. ಗೆದ್ದು ತಂದ ಸಂಪತ್ತು ಮಕುಟೇಶ್ವರನಾಥಗ, ಸಂಗಡ ಹತ್ತು ಊರಿನ ಉತ್ಪನ್ನ ಅಂತ ಅದರಾಗ ಬರಸಿದ. ಆ ಕಂಬ ಈಗ ಅಲ್ಲಿಲ್ಲ, ವಿಜಯಪುರದ ಗೋಳಗುಮ್ಮಟದ ಮುಂದಿನ ಮ್ಯೂಸಿಯಮ್ಮಿನಾಗ ಐತಿ. ಗೋಳಗುಮ್ಮಟದಾಗ ಮಕ್ಕಳ ಕಡಿಂದ ಕೂಗಸಿ, ಧ್ವನಿ ಕೇಳಿ, ಮ್ಯೂಸಿಯಮ್ಮಿಗೆ ಹೋಗದ ಹಂಗ ಬಸ್ ಹತ್ತತೀವಿ ನೋಡ್ರಿ, ಅಲ್ಲೇ.

ಆ ಕಂಬದ ಬರಹದಾಗ ದುರ್ಲಭದೇವಿ ಅನ್ನೂ ಹೆಸರು ಬರತೈತಿ. ಮಂಗಲೇಶನ ತಂದಿಯ ಹೆಂಡತಿ. ದಮಯಂತಿಯಂಥ ಪತಿವ್ರತೆ ಅಂತ ಹೊಗಳ್ಯಾರ. ರಾಜರ ಮನಿ ಹೆಂಗಸಿನ ಹೆಸರು ಶಾಸನದಾಗ ಬರೂದು ಏನು ಭಾರೀ ಸುದ್ದಿ ಅಲ್ಲ ಅಂತ ನೀವು ಅನ್ನಬಹುದು. ಇರಲಿ. ಮುಂದಿನದು ಕೇಳ್ರಿ.

ಮಹಾಕೂಟೇಶ್ವರನ ಗುಡಿ ಮುಂದಿನ ಮಂಟಪದ ಕಂಬದ ಮ್ಯಾಲ ಇನ್ನೊಂದು ಶಾಸನ ಐತಿ, ಹಳೇ ಕನ್ನಡದ್ದು. ಇದು ವಿಜಯಾದಿತ್ಯ ಅನ್ನೂ ಚಾಲುಕ್ಯ ರಾಜನ ಕಾಲದ್ದು. ಆಂವ ಆಳಿದ್ದು 696ರಿಂದ 733ರ ತನಕ. ಶಾಸನ ರಾಜಂದಲ್ಲ, ವಿನಾಪೋಟಿ ಅನ್ನೂ ಹೆಂಗಸಿಂದು. ಆಕಿ ರಾಣಿ ಅಲ್ಲ. ರಾಜನ ಪ್ರಾಣವಲ್ಲಭೆ ಅಂತ ಬರದಾರ. ಇತಿಹಾಸ ಬರೆಯೂ ಮಂದಿ ಆಕಿಯನ್ನ ಗಣಿಕೆ ಅಂತ ಹೇಳತಾರ. ನಮ್ಮ ಕಡೆ ಈ ಮಾತು ಬಂದ ಕೂಡಲೇ ಹಿರ್‍ಯಾರು ದನಿ ಸಣ್ಣ ಮಾಡತಾರ, ಹುಡುಗೂರು ಇದ್ರ ಮಾತು ತಿರುವತಾರ. ಆದ್ರ ಆ ಕಂಬ ದನಿ ಸಣ್ಣ ಮಾಡಿಲ್ಲ. ರೇವಮಂಚಳು ಅಂತ ಅಜ್ಜಿ, ಆಕಿ ಮಗಳು ಕುಚಿಪೋಟಿ, ಆಕಿ ಮಗಳು ವಿನಾಪೋಟಿ ಅಂತ ಮೂರು ತಲಿ ಎಣಿಸೈತಿ. ಅಪ್ಪನ ಹೆಸರಿಲ್ಲ, ಅಜ್ಜನ ಹೆಸರಿಲ್ಲ. ಬರೇ ತಾಯಿ ಕಡಿಂದ. ನಾವೆಲ್ಲಾ ನಮ್ಮ ಅಜ್ಜಿಯ ಅವ್ವನ ಹೆಸರು ಏನು ಅಂದ್ರ ತಡವರಸತೀವಿ. ನಾನೂ ನಮ್ಮ ಅವ್ವನ್ನ ಕೇಳೇ ತಿಳಕೊಂಡೆ. ಆಕಿ ಮೂರು ತಲಿಯ ಹೆಣ್ಣಮಕ್ಕಳ ಹೆಸರು ಕಲ್ಲಾಗ ಇಟ್ಟು ಹೋಗ್ಯಾಳ.

ಏನು ಕೊಟ್ಟಳು ಅಂದ್ರ, ಹಿರಣ್ಯಗರ್ಭ ಅನ್ನೂ ದಾನ ಮಾಡಿದಳು. ಬಂಗಾರದ ಪಾತ್ರಿಯಾಗ ಕುಂತು ಎದ್ದು ಹೊಸದಾಗಿ ಹುಟ್ಟಿಬಂದಂಗ ಅಂತ ತಿಳಿದು, ಆ ಬಂಗಾರ ದಾನ ಮಾಡೂದು. ಸಾಮಾನ್ಯ ರಾಜರು ಮಾಡೂ ಕೆಲಸ ಅದು. ಹಂಗs ದೇವರಿಗೆ ಮಾಣಿಕ ಕೂಡಿಸಿದ ಪೀಠ, ಬೆಳ್ಳಿ ಛತ್ರಿ, ಮಂಗಲುಳ್ಳೆ ಅನ್ನೂ ಊರಾಗ ಹೊಲ. ಹೊಲ ಕೊಟ್ಟದ್ದು ನನಗ ಭಾಳ ಸೇರಿತು. ಬಂಗಾರ ಬೆಳ್ಳಿ ಒಂದು ಸಲ ಕೊಟ್ರ ಮುಗೀತು, ಹೊಲ ವರ್ಷಾ ವರ್ಷಾ ಬೆಳೀತೈತಿ. ಗುಡಿಯ ದೀಪ, ಪೂಜಿ, ಕಸಬರಿಗಿ ಎಲ್ಲಾ ಅದರ ಮ್ಯಾಲೇ ನಡೀಬೇಕಲ್ಲ. ಸಂಸಾರ ನಡೆಸಿದವರಿಗೆ ಈ ಲೆಕ್ಕ ತಿಳೀತೈತಿ.

ಪೀಠ ಈಗಿಲ್ಲ, ಛತ್ರಿ ಇಲ್ಲ. ಬರಹ ಉಳದೈತಿ. ಫ್ಲೀಟ್ ಅನ್ನೂ ಇಂಗ್ಲಿಷ್ ಅಧಿಕಾರಿ ಅದನ್ನ ಓದಿ 1881ರಾಗ ಅಚ್ಚು ಮಾಡಿಸಿದ. ನಾವು ಹೋದ್ರ ಆ ಅಕ್ಷರ ನಮಗ ಓದಲಿಕ್ಕೆ ಬರಂಗಿಲ್ಲ, ಅದು ಕನ್ನಡನೇ ಇದ್ರೂ. ಆದ್ರ ಮಕ್ಕಳಿಗೆ ತೋರಸ್ರಿ. ಕಂಬಕ್ಕ ಎಣ್ಣಿ, ಕುಂಕುಮ ಮಾತ್ರ ಹಚ್ಚಬ್ಯಾಡ್ರಿ. ಭಕ್ತಿ ಲಿಂಗಕ್ಕ ಇರಲಿ, ಎಣ್ಣಿ ಕುಡದ ಅಕ್ಷರಾ ತಿರುಗಿ ಬರಂಗಿಲ್ಲ.

ಇದೇ ದಾರಿ ಮುಂದ ಪಟ್ಟದಕಲ್ಲು. ಅಲ್ಲಿಯ ಎರಡು ದೊಡ್ಡ ಗುಡಿ, ವಿರೂಪಾಕ್ಷ ಮತ್ತು ಮಲ್ಲಿಕಾರ್ಜುನ, ಕಟ್ಟಿಸಿದವರು ಇಬ್ಬರು ಅಕ್ಕ ತಂಗಿ, ಲೋಕಮಹಾದೇವಿ ಮತ್ತು ತ್ರೈಲೋಕ್ಯಮಹಾದೇವಿ. ಇಬ್ಬರೂ ಎರಡನೇ ವಿಕ್ರಮಾದಿತ್ಯನ ಹೆಂಡರು. ಆಂವ ಕಂಚಿ ಗೆದ್ದು ಬಂದ ನೆನಪಿಗೆ 740ರ ಆಜುಬಾಜು ಕಟ್ಟಿಸಿದ್ದು. 1987ರಾಗ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು, ಅದಕ್ಕ ಟಿಕೆಟ್ ಐತಿ, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ನೋಡಾಕ ಭಾಳ ಚಂದ, ಸುಳ್ಳಲ್ಲ. ಆದ್ರ ಮೇ ತಿಂಗಳ ಮಧ್ಯಾಹ್ನ ಬಯಲಾಗ ಹುಲ್ಲಿನ ಮ್ಯಾಲ ಕುಂದ್ರೂದು ಆಗಂಗಿಲ್ಲ. ಹೋಗೂದಿದ್ರ ಬಿಸಲು ಇಳದ ಮ್ಯಾಲ ಹೋಗ್ರಿ.

ಇನ್ನ ನಮ್ಮ ಹಿಂದಿನವರು ಹೆಂಗ ಹೋಗತಿದ್ರು ಅಂತ. ಗದಗಿನಿಂದ ಬಾದಾಮಿ, ವಿಜಯಪುರ ದಾಟಿ ಹೊಟಗಿ ತನಕ ರೈಲು ಹಳಿ ಬಂದದ್ದು 1884ರಾಗ, ಸದರ್ನ್ ಮರಾಠಾ ರೈಲ್ವೆ ಕಾಲಕ್ಕ. ಮೀಟರ್ ಗೇಜು. ಅದಕ್ಕಿಂತ ಮೊದಲ ಚಕ್ಕಡಿ ಕಟ್ಟಬೇಕು, ದಾರ್‍ಯಾಗ ವಸ್ತಿ ಮಾಡಬೇಕು. ರೈಲು ಬಂದ ಮ್ಯಾಲ ಹೋಗಿ ಬರೂದು ಒಂದು ದಿನದ ಮಾತಾತು. ಬಾದಾಮಿ ಸ್ಟೇಶನ್ನು ಊರಿಂದ ದೂರ, ಸುಮಾರು 5 ಕಿ.ಮೀ., ಅದಕ್ಕ ಅಲ್ಲಿ ಟಾಂಗಾ ನಿಂತಿರತಿದ್ದವು. ನಮ್ಮ ಅತ್ತಿಯವರು ಆ ಟಾಂಗಾದ ಮಾತು ಭಾಳ ಹೇಳತಿದ್ರು. ಹಿಂದ ಕುಂತವರ ಕಾಲು ಹೊರಗ ಜೋತಾಡತಿದ್ದವಂತ, ಕುದರಿ ಏರಿಗೆ ನಿಂತ್ರ ಗಂಡಸರು ಇಳದು ನಡೀಬೇಕಂತ, ಹೆಣ್ಣಮಕ್ಕಳು ಇಳಿಯಂಗಿಲ್ಲಂತ. ವರ್ಷದಾಗ ಅದೊಂದು ದಿನ ತಾವು ಕುಂತು ಗಂಡಸರು ನಡೆಯೂದು ಅಂತ ನಗತಿದ್ರು. ಬಾದಾಮಿಯಿಂದ ಗುಡ್ಡ ಹತ್ತಿ ಇಳದು ಮಹಾಕೂಟಕ್ಕ ನಡಕೊಂಡು ಹೋಗೂ ಹಳೇ ಕಾಲುದಾರಿನೂ ಐತಿ. ಗಟ್ಟಿ ಕಾಲಿನವರು ಹಂಗೇ ಹೋಗತಿದ್ರು. ಆ ದಾರಿಯ ಹಳೇ ಬಾಗಲದಾಗ ಎರಡೂ ಕಡೆ ಎಲುಬಿನ ಹಂದರದಂಥ ಮೂರ್ತಿ ನಿಂತಾವ. ಮಕ್ಕಳು ಮೊದಲ ಅಂಜತಾರ, ಆಮ್ಯಾಲ ಅವುಗಳ ಹಂಗ ನಿಂತು ಫೋಟೊ ತಗಸಕೋತಾರ.

ಆದ್ರ ನಮ್ಮತ್ತಿಯವರ ಕಾಲಕ್ಕ "ನಾವು ತಿರುಗಾಡಲಿಕ್ಕೆ ಹೋಗಿ ಬರತೀವಿ" ಅಂತ ಹೆಣ್ಣಮಕ್ಕಳು ಹೇಳಾಕ ಬರತಿರಲಿಲ್ಲ. ಹರಕಿ ಅನ್ನಬೇಕು, ಉಡಿ ತುಂಬೂದೈತಿ ಅನ್ನಬೇಕು, ಜಾತ್ರಿ ಅನ್ನಬೇಕು. ದೇವರ ಹೆಸರು ಹೇಳಿದ್ರ ಮಾವನವರೂ ಇಲ್ಲ ಅನ್ನಂಗಿಲ್ಲ, ಗಾಡಿ ಖರ್ಚೂ ಸಿಗತೈತಿ. ದೇವರ ಪೂಜಿ ಅರ್ಧಾ ತಾಸಿನ್ಯಾಗ ಮುಗೀತಿತ್ತು. ಉಳಿದ ಇಡೀ ದಿನ ಗಿಡದ ಬುಡಕ ಕುಂತು, ತವರುಮನಿ ಮಾತು, ಹಾಡು, ನಗಿ. ಆ ಮಾತು ಮನ್ಯಾಗ ಆಡಾಕ ಜಾಗ ಎಲ್ಲಿತ್ತು? ಹರಕಿ ಎಷ್ಟು ಖರೇ, ತಿರುಗಾಟ ಎಷ್ಟು ಖರೇ ಅಂತ ನಾ ಅವರನ್ನ ಕೇಳಿಲ್ಲ. ಎರಡೂ ಖರೇನೇ ಇದ್ದಾವು.

ಈಗ ಆ ನೆಪಾ ಬೇಕಾಗಿಲ್ಲ. 2023ರ ಜೂನ್ 11ಕ್ಕ ಶಕ್ತಿ ಯೋಜನೆ ಸುರು ಆತು, ಸರಕಾರದ ಸಾದಾ ಬಸ್ಸಿನ್ಯಾಗ ನಮಗ ಟಿಕೆಟ್ ದುಡ್ಡಿಲ್ಲ. ಮಂದಿ ಇದರ ಬಗ್ಗೆ ಏನೇನೋ ಚೇಷ್ಟಿ ಮಾಡತಾರ, ಹೆಂಗಸರು ಮನ್ಯಾಗ ನಿಲ್ಲವಲ್ರು ಅಂತ. ನಿಲ್ಲಲಿಲ್ಲಂದ್ರ ಏನಾತು? ರಾಜನ ಮನಿ ದುಡ್ಡಿನಿಂದ ವಿನಾಪೋಟಿ ದೇವರಿಗೆ ಕೊಟ್ಟಳು, ಸರಕಾರದ ದುಡ್ಡಿನಿಂದ ನಾವು ದೇವರನ್ನ ನೋಡಿ ಬರತೀವಿ. ಕಳೆದ ಮೇ ತಿಂಗಳದಾಗ ನಾವು ಒಂಬತ್ತು ಮಂದಿ ಹೋಗಿದ್ವಿ: ನಾನು, ನನ್ನ ನೆಗೆಣ್ಣಿ, ಆಕಿ ಸೊಸಿ, ನನ್ನ ಮಗಳು, ಮೂರು ಸಣ್ಣವು, ಇಬ್ಬರು ಗಂಡಸರು. ಬಸ್ಸಿಗೆ ದುಡ್ಡು ಹತ್ತಿದ್ದು ಗಂಡಸರಿಗೆ ಮತ್ತ ದೊಡ್ಡ ಮೊಮ್ಮಗಗ ಅರ್ಧಾ ಟಿಕೆಟ್. ಬಾದಾಮಿಯಿಂದ ಒಂದು ಟಂಟಂ ಗೊತ್ತು ಮಾಡಿದ್ವಿ, ಹೋಗಿ ನಿಂತು ಬರೂದಕ್ಕ. ಮಹಾಕೂಟದಾಗ ಟಿಕೆಟ್ ಇರಲಿಲ್ಲ. ಕಾಯಿ, ಕರ್ಪೂರ, ಕಲ್ಲಂಗಡಿ ಹಣ್ಣು ಎಲ್ಲಾ ಹಿಡದು ಒಂದೂವರೆ ಸಾವಿರದಾಗ ದಿನ ಮುಗೀತು.

ಬುತ್ತಿಗೆ ಕಟಿ ರೊಟ್ಟಿ, ಶೇಂಗಾ ಹಿಂಡಿ, ಝುಣಕದ ವಡಿ, ಬದನಿಕಾಯಿ ಎಣಗಾಯಿ ಒಯ್ದಿದ್ವಿ. ಮಸರನ್ನ ಒಯ್ಯಬೇಕಂದ್ರ ಅನ್ನಕ್ಕ ಹಾಲು ಹಾಕಿ ಒಂದು ಚಮಚಿ ಹೆಪ್ಪು ಕಲಸ್ರಿ, ಮಧ್ಯಾಹ್ನಕ್ಕ ಸರಿಯಾಗಿ ಮಸರಾಗಿರತೈತಿ, ಹುಳಿ ಆಗಂಗಿಲ್ಲ. ಬುತ್ತಿ ಮಾಡಾಕ ಬ್ಯಾಸರಾದ್ರ ದಾರ್‍ಯಾಗ ಬನಶಂಕರಿಗೆ ಇಳೀರಿ. ಅಲ್ಲಿ ಹೆಣ್ಣಮಕ್ಕಳು ಬುಟ್ಟಿಯಾಗ ರೊಟ್ಟಿ, ಪಲ್ಯ, ಕೆಂಪ ಖಾರ, ಗಡಿಗಿ ಮಸರು ಇಟಕೊಂಡು ಕುಂತಿರತಾರ. ಹೋಟೆಲಿಗಿಂತ ಎಷ್ಟೋ ಚೊಲೊ, ದುಡ್ಡೂ ಅವರ ಕೈಗೇ ಹೋಗತೈತಿ. ಬಾದಾಮಿಯ ಮಂಗ್ಯಾಗಳ ಮುಂದ ಮಾತ್ರ ಚೀಲಾ ಬಿಚ್ಚಬ್ಯಾಡ್ರಿ. ಮ್ಯೂಸಿಯಂ ನೋಡೂದಿದ್ರ ಶುಕ್ರವಾರ ಹೋಗಬ್ಯಾಡ್ರಿ, ಅವತ್ತು ಬಂದ್.

ಇನ್ನ ಹೊಂಡದ ಮಾತು. ಮಹಾಕೂಟದಾಗ ಯಾವಾಗ ಹೋದ್ರೂ ಗಂಡಸರು, ಹುಡುಗರು ದಂಡಿ ಮ್ಯಾಲಿಂದ ಧುಮುಕತಿರತಾರ. ಹೆಣ್ಣಮಕ್ಕಳು ಪಾವಟಿಗಿ ಮ್ಯಾಲ ಕುಂತು ಅವರ ಅರಿವಿ, ಮೊಬೈಲು, ಕೈಗಡಿಯಾರ ಕಾಯ್ಕೋತ ಇರತಾರ. ಭಾಳ ಅಂದ್ರ ಕಾಲು ಇಳಿಬಿಡತಾರ. ಈ ಸಲ ನನ್ನ ಮಗಳು ಸುಮ್ಮನ ಕುಂದರಲಿಲ್ಲ. ಮುಂಜಾನೆ ಎಂಟಕ್ಕ ಮಂದಿ ಕಡಿಮಿ ಇದ್ರು, ಚೂಡಿದಾರ ಮ್ಯಾಲೇ ಇಳದಳು. ಆಕಿ ಹಿಂದ ಸೊಸಿ. ಆಮ್ಯಾಲ ನನ್ನ ನೆಗೆಣ್ಣಿ, ಅರವತ್ತರ ಮ್ಯಾಲ ವಯಸ್ಸು, ಸೀರಿ ಸೆರಗು ಸೊಂಟಕ್ಕ ಕಟ್ಟಿ ಕೆಳಗಿನ ಪಾವಟಿಗಿ ತನಕ ಹೋಗಿ ಕುಂತುಬಿಟ್ರು, ಎದಿಮಟ್ಟ ನೀರಾಗ. "ಅಕ್ಕಾರ, ಥಂಡಿ ಆದೀತು" ಅಂದೆ. "ಮೇ ತಿಂಗಳದಾಗ ಥಂಡಿ ಆದ್ರ ಪುಣ್ಯ ಮಾಡೇವಿ ಬಾ" ಅಂದ್ರು. ನಾನೂ ಇಳದೆ. ಗಂಡಸರಿಬ್ಬರೂ ಮ್ಯಾಲ ಕುಂತು ನಮ್ಮ ಚಪ್ಪಲಿ, ಬುತ್ತಿಗಂಟು ಕಾಯ್ದರು. ಸೀರಿ ಆಲದ ನೆರಳಾಗಿನ ಕಲ್ಲಿನ ಮ್ಯಾಲ ಹರವಿದ್ರ ಊಟ ಮುಗಿಯೂದರಾಗ ಒಣಗಿದ್ದವು. ಬದಲಿ ಅರಿವಿ ಒಂದೊಂದು ಜೋಡಿ ಒಯ್ಯಿರಿ. ಬಾದಾಮಿಯಿಂದ ಗದಗಿಗೆ ಕಡೀ ಬಸ್ ಎಷ್ಟಕ್ಕಂತ ಮುಂಜಾನೆ ಇಳದಾಗೇ ಸ್ಟ್ಯಾಂಡಿನ್ಯಾಗ ಕೇಳಿಟಕೋರಿ.