ಇಲಿ ಪಾಷಾಣ ಹೃದಯದ ಮದ್ದಾದ ಬಗೆ

1933ರ ಫೆಬ್ರವರಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಹಿಮದ ಬಿರುಗಾಳಿ. ಅದರ ನಡುವೆಯೇ ರೈತನೊಬ್ಬ ಸುಮಾರು 300 ಕಿಲೋಮೀಟರ್ ದೂರದಿಂದ ಮ್ಯಾಡಿಸನ್ ನಗರಕ್ಕೆ ಬಂದ. ಅವನ ಗಾಡಿಯಲ್ಲಿದ್ದದ್ದು ಸತ್ತ ಕಡಸು, ಒಂದಿಷ್ಟು ಒಣಮೇವು ಮತ್ತು ಹಾಲಿನ ಕ್ಯಾನಿನಲ್ಲಿ ಹೆಪ್ಪುಗಟ್ಟದ ರಕ್ತ. ಅವನು ಕೊನೆಗೆ ತಲುಪಿದ್ದು ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯವನ್ನು.

ಮುಗ್ಗಿದ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ರಕ್ತಸ್ರಾವದಿಂದ ಸಾಯುತ್ತವೆಂದು ಪಶುವೈದ್ಯರು 1920ರ ದಶಕದಲ್ಲೇ ಕಂಡುಕೊಂಡಿದ್ದರು. ಆದರೆ ಅದರಲ್ಲಿನ ವಿಷ ಯಾವುದು? ಲಿಂಕ್ ತಂಡ ವರ್ಷಗಟ್ಟಲೆ ಹೆಣಗಿ 1939ರಲ್ಲಿ ಡೈಕುಮರಾಲ್ ಎಂಬ ವಸ್ತುವನ್ನು ಬೇರ್ಪಡಿಸಿತು. ರಕ್ತ ಹೆಪ್ಪುಗಟ್ಟಿಸುವ ಕೆಲವು ಪ್ರೋಟೀನುಗಳನ್ನು ಯಕೃತ್ತು ಸಿದ್ಧಪಡಿಸಲು 'ಕೆ' ಜೀವಸತ್ವ ಬೇಕು. ಡೈಕುಮರಾಲ್ ಆ ಜೀವಸತ್ವದ ಕೆಲಸಕ್ಕೇ ಅಡ್ಡಬರುತ್ತದೆ.

ಇದೇ ಜಾತಿಯ, ಇನ್ನೂ ಪ್ರಬಲವಾದ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು. 1951ರಲ್ಲಿ ಆತ್ಮಹತ್ಯೆಗೆಂದು ಅದನ್ನು ನುಂಗಿದ ಅಮೆರಿಕದ ಸೈನಿಕನೊಬ್ಬ 'ಕೆ' ಜೀವಸತ್ವದ ಚಿಕಿತ್ಸೆಯಿಂದ ಬದುಕಿಕೊಂಡ. ವಿಷಕ್ಕೆ ಪ್ರತಿಮದ್ದು ಉಂಟೆಂಬ ಧೈರ್ಯ ವೈದ್ಯರಿಗೆ ಬಂತು. 1954ರಲ್ಲಿ ಅದು ಮನುಷ್ಯರ ಔಷಧವಾಯಿತು. ಮರುವರ್ಷ ಹೃದಯಾಘಾತಕ್ಕೊಳಗಾದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಇದನ್ನು ಕೊಡಲಾಯಿತು.

1960ರಲ್ಲಿ ಆಲ್ಬರ್ಟ್ ಸ್ಟಾರ್ ಎಂಬ ಶಸ್ತ್ರವೈದ್ಯರೂ ಲೋವೆಲ್ ಎಡ್ವರ್ಡ್ಸ್ ಎಂಬ ಎಂಜಿನಿಯರರೂ ರೂಪಿಸಿದ ಕೃತಕ ಕವಾಟ ಹೃದಯದೊಳಗೆ ಕುಳಿತಾಗ ಈ ಮದ್ದಿನ ಮಹತ್ವ ಇನ್ನಷ್ಟು ಹೆಚ್ಚಿತು. ಲೋಹದ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿದರೆ ಕವಾಟ ಸಿಕ್ಕಿಕೊಳ್ಳಬಹುದು. ಹೆಪ್ಪು ಮಿದುಳಿಗೆ ಹರಿದು ಪಾರ್ಶ್ವವಾಯು ತಗಲಬಹುದು. ಮದ್ದು ಅತಿಯಾದರೆ ರಕ್ತಸ್ರಾವ. ಹೀಗಾಗಿ ಜೀವನಪರ್ಯಂತ ಅಳತೆ ತಪ್ಪುವಂತಿಲ್ಲ. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ರಕ್ತಪರೀಕ್ಷೆಯ ಅಂಕಿ ಬದಲಾಗುತ್ತಿದ್ದುದರಿಂದ, ವಿಶ್ವ ಆರೋಗ್ಯ ಸಂಸ್ಥೆ 1983ರಲ್ಲಿ 'ಐಎನ್ಆರ್' ಎಂಬ ಸಮಾನ ಮಾನದಂಡವನ್ನು ಒಪ್ಪಿಕೊಂಡಿತು.

ಕವಾಟದ ಸ್ಥಿತಿಯನ್ನು ಎದೆ ಸೀಳದೆ ನೋಡುವ ದಾರಿ ಸ್ವೀಡನ್ನಿನಿಂದ ಬಂತು. ಲುಂಡ್ ನಗರದ ವೈದ್ಯ ಎಡ್ಲರ್, ಭೌತವಿಜ್ಞಾನಿ ಹರ್ಟ್ಸ್ 1953ರಲ್ಲಿ ಹೃದಯದ ಚಲನೆಯನ್ನು ಶ್ರವಣಾತೀತ ಶಬ್ದದ ಪ್ರತಿಧ್ವನಿಯಿಂದ ದಾಖಲಿಸಿದರು. ಅದಕ್ಕೆ ಬಳಸಿದ್ದು ಲೋಹದ ಒಳಬಿರುಕು ಪತ್ತೆಹಚ್ಚುವ ಎರವಲು ಯಂತ್ರ! ಇಂದಿನ 'ಎಕೋ' ಪರೀಕ್ಷೆಯ ಮೂಲ ಅದೇ. ಕವಾಟದ ಮೇಲಿನ ಹೆಪ್ಪನ್ನೂ ರಕ್ತದ ಹರಿವಿಗೆ ಬಂದ ತಡೆಯನ್ನೂ ಪತ್ತೆಮಾಡಲು ವೈದ್ಯರಿಗೆ ಇದು ನೆರವಾಗುತ್ತದೆ.

ಹಸಿರು ಸೊಪ್ಪಿನಲ್ಲಿ 'ಕೆ' ಜೀವಸತ್ವ ಹೇರಳ. ಆದ್ದರಿಂದ ವಾರ್ಫರಿನ್ ಸೇವಿಸುವವರು ಒಂದು ವಾರ ದಿನವೂ ಸೊಪ್ಪಿನ ಸಾರು ಉಂಡು ಮರುವಾರ ಪೂರ್ತಿ ಬಿಟ್ಟರೆ ಮದ್ದಿನ ಲೆಕ್ಕ ತಪ್ಪುತ್ತದೆ. ಸೊಪ್ಪು ಬಿಡಬೇಕಿಲ್ಲ, ಪ್ರಮಾಣ ಒಂದೇ ರೀತಿ ಇರಲಿ ಎನ್ನುತ್ತಾರೆ ವೈದ್ಯರು. ದನದ ಮೇವಿನಲ್ಲಿ ಆರಂಭವಾದ ಕಥೆ ಮನುಷ್ಯನ ಊಟದ ತಟ್ಟೆಯವರೆಗೂ ಬಂದಿದೆ.